ಎಡಕ್ಕೆ ಕಟ್ಟಿದ ಬಾರಾಬಂದಿ

ನನ್ನ ಮದುವೆ ಮುರಿದದ್ದು ಚೀನಾದವರಿಂದ. ನಗಬೇಡಿ, ಖರೆ ಹೇಳುತ್ತೇನೆ.

ಇಳಕಲ್ಲಿನ ನಮ್ಮ ಮನೆಗೆ ಹುನಗುಂದದ ನೇಕಾರರ ಹುಡುಗನೊಬ್ಬ ನನ್ನನ್ನು ನೋಡಲು ಬಂದಿದ್ದ. ಮುಖ ನೋಡುವ ಧೈರ್ಯ ನನಗೆಲ್ಲಿಯದು? ತಲೆ ತಗ್ಗಿಸಿ ಅವಲಕ್ಕಿ ತಟ್ಟೆ ಇಟ್ಟೆ. ಅವನು ನನ್ನ ಸೆರಗು ನೋಡಿ, "ಇದನ್ನ ನೇಯ್ದವರು ಯಾರ್ರಿ? ಕೈ ಭಾಳ ಚಲೋ ಐತಿ," ಅಂದ. ನೇಯ್ದವಳು ನಾನೇ. ಮದುವೆಯಾದರೆ ಇವನನ್ನೇ ಆಗಬೇಕು ಎಂದು ಅಡುಗೆಮನೆಗೆ ಹೋಗುವಷ್ಟರಲ್ಲಿ ಗಟ್ಟಿ ಮಾಡಿಕೊಂಡುಬಿಟ್ಟೆ.

ಅಡ್ಡ ಬಂದವರು ನನ್ನ ಸೋದರಮಾವ, ಬಾಗಲಕೋಟೆಯಲ್ಲಿ ಮಾಸ್ತರರು. ಆಗಷ್ಟೇ ಒಂದು ಇಂಗ್ರೇಜಿ ಪುಸ್ತಕ ಓದಿ ಬಂದಿದ್ದರು. ಚೀನಾದ ಪುರಾತನ ಗ್ರಂಥಗಳಲ್ಲಿ ‘ಎಡಮಡಿಕೆಯ ಅಂಗಿ’ ಎಂಬ ಮಾತು ಬರುತ್ತದಂತೆ. ಅಂಗಿಯನ್ನು ಎಡಕ್ಕೆ ಕಟ್ಟುವವರು ಎಂದು ಮೇಲಿನ ಅರ್ಥ. ನಾಗರಿಕತೆಯ ಗಂಧವಿಲ್ಲದ ಕಾಡುಜನ ಎಂದು ಒಳಗಿನ ಅರ್ಥ. ಹುಡುಗ ತೊಟ್ಟಿದ್ದದ್ದು ಬಾರಾಬಂದಿ, ಎದೆಯ ಮೇಲೆ ಅಡ್ಡ ಹಾಯಿಸಿ ಮಗ್ಗುಲಿಗೆ ಕಸೆ ಕಟ್ಟುವ ಅಂಗಿ. ಎದುರಿಗೆ ಕೂತಿದ್ದ ಮಾವನಿಗೆ ಆ ಗಂಟು ಎಡಕ್ಕೆ ಕಂಡಿತು.

"ಚೀನಾದಾಗ ಇಂಥಾವ್ರಿಗೆ ಹೆಣ್ಣು ಕೊಡೂದಿಲ್ಲ," ಎಂದರು.

"ಚೀನಾದಾಂವಗ ಯಾರು ಕೊಡಾಕತ್ತಾರೋ? ನಾವು ಕೊಡೂದು ಹುನಗುಂದಕ್ಕ," ಎಂದಳು ಅವರ ತಾಯಿ, ನನ್ನ ಆಯಿ.

ಓದಿದ ಮಗನ ಮುಂದೆ ಓದದ ತಾಯಿಯ ಮಾತು ನಡೆಯಲಿಲ್ಲ. ಒಲ್ಲೆವೆಂದು ಹುನಗುಂದಕ್ಕೆ ಕಾಗದ ಹೋಯಿತು.

ಎರಡು ದಿನ ಅತ್ತೆ. ಆಮೇಲೆ ಸಿಟ್ಟು ಬಂತು. ಹುಡುಗ ಅವಲಕ್ಕಿ ತಿಂದ ಕೈಯ ಮಗ್ಗುಲಿಗೇ ಅಲ್ಲವೇ ಆ ಗಂಟು ಇದ್ದದ್ದು! ಎಡಗೈಯಲ್ಲೇನು ತಿಂದಿರಲಿಲ್ಲವಲ್ಲ. ಮಾವ ತೊಡುತ್ತಿದ್ದದ್ದೂ ಬಾರಾಬಂದಿಯೇ; ಅವರನ್ನು ಎಳೆದು ತಂದು ಆಯಿಯ ಎದುರಿಗೆ ನಿಲ್ಲಿಸಿದೆ.

"ಆಯಿ, ಮಾವನ ಗಂಟು ನಿನ್ನ ಯಾವ ಕೈ ಕಡಿ ಐತಿ?"

"ಎಡಗೈ ಕಡಿ. ಅಯ್ಯ ಶಿವನ, ಹಂಗಾದ್ರ ಇಂವನೂ ಕಾಡುಮನಷ್ಯಾನ!"

ಮಾವ ಬಗ್ಗಿ ತಮ್ಮ ಬಲಮಗ್ಗುಲ ಗಂಟನ್ನು ಬಹಳ ಹೊತ್ತು ನೋಡಿಕೊಂಡರು. ಕಡೆಗೆ, "ಭಾಷಾಂತರ ಮಾಡಿದಾಂವ ತಪ್ಪು ಮಾಡ್ಯಾನ," ಎಂದರು.

ಒಪ್ಪಿದೆವೆಂದು ಬರೆದ ಎರಡನೆಯ ಕಾಗದ ಹುನಗುಂದಕ್ಕೆ ಮುಟ್ಟುವಷ್ಟರಲ್ಲಿ ಅಮೀನಗಡದ ಹುಡುಗಿಯೊಂದಿಗೆ ಅವನ ನಿಶ್ಚಯವಾಗಿತ್ತು. ನನ್ನ ಎದೆ ಒಡೆದೇ ಹೋಯಿತು. ಮಾವ ಮಾತ್ರ ಎದೆಗುಂದಲಿಲ್ಲ. ವರ್ಷದೊಳಗೆ ಇನ್ನೊಬ್ಬನನ್ನು ಹುಡುಕಿ ತಂದರು. ಅವನನ್ನು ಎದುರಿಗೆ ಕೂತು ನೋಡಿದರು, ಪಕ್ಕದಲ್ಲಿ ಕೂತು ನೋಡಿದರು, ಎಬ್ಬಿಸಿ ತಿರುಗಿಸಿ ನೋಡಿದರು. ಗಂಟು ಬಲಕ್ಕೇ ಇತ್ತು. ಪಕ್ಕಾ ನಾಗರಿಕನೆಂದು ಹೇಳಿ ನನ್ನನ್ನು ಕೊಟ್ಟರು.

ನಲವತ್ತು ವರ್ಷ ಸಂಸಾರ ಮಾಡಿದೆ. ಆ ನಾಗರಿಕ ಒಂದು ದಿನವೂ "ನೀ ಉಂಡಿಯೇನ?" ಎಂದು ಕೇಳಲಿಲ್ಲ.