ಕದರಮ್ಮ ಇಕ್ಕಿದ ತಟ್ಟೆ

ನಿಟ್ಟೂರಿನಿಂದ ತುಮಕೂರಿಗೆ ಬೆಳಿಗ್ಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ನಮ್ಮದೊಂದು ಗುಂಪು ಇದೆ. ಎಲ್ಲರೂ ಅಂತರಸನಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರು. ನಾನು ಲೇತ್ ಕೆಲಸದವನು. ಕದರಮ್ಮ ಊದಿನಕಡ್ಡಿ ಪ್ಯಾಕ್ ಮಾಡುವ ಕಡೆ ಇದ್ದಾರೆ. ಗುಬ್ಬಿ ದಾಟಿತೆಂದರೆ ಎಲ್ಲರೂ ಡಬ್ಬಿ ಬಿಚ್ಚುತ್ತೇವೆ. ಒಬ್ಬರದು ಚಿತ್ರಾನ್ನ, ಒಬ್ಬರದು ಉಪ್ಪಿಟ್ಟು. ಕದರಮ್ಮನ ಡಬ್ಬಿಯಲ್ಲಿ ಮಾತ್ರ ನಾನು ಕಂಡಾಗಿನಿಂದ ಒಂದೇ ಊಟ. ಹಿಂದಿನ ದಿನದ ರಾಗಿ ಮುದ್ದೆ, ಮಜ್ಜಿಗೆಯಲ್ಲಿ ಕಿವುಚಿದ್ದು, ಪಕ್ಕಕ್ಕೆ ಒಂದು ಈರುಳ್ಳಿ.

ಅಂಜನಪ್ಪ ಅಂತ ಒಬ್ಬ ನಮ್ಮ ಗುಂಪಿನಲ್ಲಿದ್ದಾನೆ. ಯಾರನ್ನೂ ಸುಮ್ಮನೆ ಬಿಡುವವನಲ್ಲ. ಒಂದು ದಿನ ಆ ಡಬ್ಬಿ ನೋಡಿ ಕೇಳಿದ.

“ಏನಕ್ಕ, ನಿಮ್ ಯೇಸಪ್ಪ ಐದ್ ರೊಟ್ಟಿನಾಗೆ ಐದ್ ಸಾವ್ರ ಜನಕ್ಕೆ ಇಕ್ಕಿದ್ನಂತೆ. ನಿಂಗೊಂದು ಬಿಸಿ ಇಡ್ಲಿ ಕೊಡಕ್ಕಾಗ್ನಿಲ್ವಾ?”

ಕದರಮ್ಮ ತಿನ್ನುವುದು ನಿಲ್ಲಿಸಲಿಲ್ಲ. “ಮಿಕ್ಕಿದ್ದನ್ನ ಬುಟ್ಟಿಗೆ ತುಂಬ್ಕೊಂಡ್ರು ಅಂತಾನೂ ಐತೆ ಕಣಪ್ಪ. ನಂದು ಆ ಬುಟ್ಟಿದು” ಎಂದರು.

ಎಲ್ಲರೂ ನಕ್ಕೆವು. ಅದು ಯಾರು ಮಿಕ್ಕಿಸಿದ್ದು ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ಗುಬ್ಬಿಯಲ್ಲಿ ಅಂಗಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಭಾನುವಾರ ನಡೆಯುವ ನಮ್ಮ ಪ್ರಾರ್ಥನೆ ಸಭೆಗೆ ಆಕೆ ಬರಲು ಶುರು ಮಾಡಿದ ಮೇಲೆ ತಿಳಿಯಿತು. ಅದು ಆಕೆಯ ಗಂಡ ಮುತ್ತುರಾಜನ ಪಾಲಿನ ಮುದ್ದೆ. ಆತ ಮುಟ್ಟದೆ ಬಿಟ್ಟದ್ದು.

ಮುತ್ತುರಾಜನದು ತೆಂಗಿನಕಾಯಿ ಸುಲಿಯುವ ಕೆಲಸ. ದಿನಕ್ಕೆ ಸಾವಿರ ಕಾಯಿ ಸುಲಿಯುವ ರಟ್ಟೆ. ಮಾತು ಕಡಿಮೆ. ಹೆಂಡತಿಗೆ ಒಂದು ದಿನವೂ ಕೈ ಎತ್ತಿದವನಲ್ಲ. ಇದನ್ನು ಕದರಮ್ಮನೇ ಹೇಳುತ್ತಿದ್ದರು. ಮದುವೆಯಾಗಿ ಆರು ವರ್ಷದಲ್ಲಿ ಮೂರು ಸಲ ಬಸಿರು ನಿಂತು ಇಳಿದುಹೋಯಿತು. ಬೀದಿಯಲ್ಲಿ ಯಾರದಾದರೂ ಸೀಮಂತವಾದರೆ ಕದರಮ್ಮನನ್ನು ಕರೆಯುತ್ತಿದ್ದರು, ಆರತಿ ಎತ್ತುವಾಗ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಕಾರ್ಖಾನೆಯಲ್ಲಿ ಜೊತೆಗಿದ್ದ ಕುಣಿಗಲ್ಲಿನ ಶಶಿಕಲಾ ಒಂದು ಭಾನುವಾರ ಆಕೆಯನ್ನು ತನ್ನ ಊರಿನ ಪ್ರಾರ್ಥನೆಗೆ ಕರೆದುಕೊಂಡು ಹೋದಳು.

ಮಗು ಬೇಕೆಂದು ಹೋದದ್ದು. ಮಗು ಆಗಲಿಲ್ಲ. ಹಾಗೆ ಆಗದಿದ್ದಾಗ ಬಹಳ ಜನ ಬಿಟ್ಟುಬಿಡುತ್ತಾರೆ, ನಾನು ನೋಡಿದ್ದೇನೆ. ಕದರಮ್ಮ ಬಿಡಲಿಲ್ಲ. ಅಲ್ಲಿ ಯಾರೂ ನನ್ನನ್ನು ಪಕ್ಕಕ್ಕೆ ನಿಲ್ಲಿಸಲಿಲ್ಲ ಎನ್ನುವುದು ಬಿಟ್ಟರೆ ಬೇರೆ ಕಾರಣವನ್ನು ಆಕೆ ಹೇಳಿದ್ದಿಲ್ಲ. ಎರಡು ವರ್ಷ ಕಳೆದು, ಕುಣಿಗಲ್ ಕೆರೆಯ ಕೆಳಗಿನ ಒಂದು ತೋಟದ ನೀರಿನ ತೊಟ್ಟಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಹೆಸರು ಬದಲಾಯಿಸಬೇಕೇ ಎಂದು ಕೇಳಿದ್ದಕ್ಕೆ, ನಮ್ಮಪ್ಪ ಇಟ್ಟ ಹೆಸರು ಇರಲಿ, ದೇವರಿಗೆ ಗುರುತು ಸಿಕ್ಕುತ್ತದೆ ಎಂದರಂತೆ.

ಮನೆಗೆ ಬಂದಾಗ ತಲೆ ಇನ್ನೂ ಒದ್ದೆಯಾಗಿತ್ತು. ಮುತ್ತುರಾಜ ಕೇಳಿದ. ಆಕೆ ಸುಳ್ಳು ಹೇಳಲಿಲ್ಲ. ಆತ ನೇರ ಚಿಕ್ಕಪ್ಪ ಕರಿಬಸವಯ್ಯನನ್ನು ಕರೆದುಕೊಂಡು ಬಂದ. ಆ ಮನೆತನದ ದೇವರಿಗೆ ದೀಪ ಹಚ್ಚುವವರು ಅವರೇ. ಅವರ ಎದುರಿಗೆ, ಮನೆದೇವರ ಪಟದ ಮುಂದೆ ಕರ್ಪೂರ ಹಚ್ಚಿ, ಅಂಗೈಯಲ್ಲಿ ಆರಿಸಿ, ಇವಳು ಮಾಡಿದ ಒಂದು ತುತ್ತು ನನ್ನ ಬಾಯಿಗೆ ಬಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ ಎಂದು ಆಣೆ ಮಾಡಿದ. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ನಮ್ಮ ಕಡೆ ಕರ್ಪೂರ ಆರಿಸಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಒಂದೇ ದಾರಿ ಇತ್ತು. ಗಂಡ ಹೆಂಡತಿ ಇಬ್ಬರೂ ದೇವರ ಮುಂದೆ ಅಡ್ಡಬಿದ್ದು ತಪ್ಪುಕಾಣಿಕೆ ಹಾಕಬೇಕು. ಕದರಮ್ಮ ಅಡ್ಡಬೀಳುವುದಿಲ್ಲ ಎಂದರು. ಹೆಂಡತಿಯನ್ನು ಮನೆಯಿಂದ ಹೊರಗೆ ಕಳಿಸು ಎಂದವರಿಗೆ ಮುತ್ತುರಾಜ ಅದು ಮಾತ್ರ ಆಗುವುದಿಲ್ಲ ಎಂದ.

ಮಾರನೆಯ ದಿನ ಆತ ಒಂದು ಸೀಮೆಎಣ್ಣೆ ಸ್ಟವ್ವು, ಅಲ್ಯೂಮಿನಿಯಂ ಪಾತ್ರೆ, ಮುದ್ದೆ ತೊಳಸುವ ಕೋಲು ತಂದು ಜಗಲಿಯ ಮೂಲೆಯಲ್ಲಿ ಇಟ್ಟುಕೊಂಡ. ಅಡುಗೆ ಬರುತ್ತಿರಲಿಲ್ಲ. ಮೊದಮೊದಲು ಮುದ್ದೆ ಗಂಟುಗಂಟಾಗಿ ಒಳಗೆ ಹಸಿ ಹಿಟ್ಟು ಹಾಗೇ ಇರುತ್ತಿತ್ತಂತೆ. ಅದನ್ನೇ ನುಂಗುತ್ತಿದ್ದ. ಒಂದು ಸೂರಿನ ಕೆಳಗೆ ಎರಡು ಒಲೆ. ಆಕೆ ಕಾರ್ಖಾನೆಯಿಂದ ತಂದ ಊದಿನಕಡ್ಡಿ ಆತನ ದೇವರಿಗೆ ಆಗುತ್ತಿತ್ತು, ಆಕೆ ತೊಳಸಿದ ಹಿಟ್ಟು ಆತನಿಗೆ ಆಗುತ್ತಿರಲಿಲ್ಲ.

ಕದರಮ್ಮ ಆವತ್ತಿನಿಂದ ದಿನಾ ಸಂಜೆ ಎರಡು ಮುದ್ದೆ ಕಟ್ಟಿದರು. ಒಂದನ್ನು ಸಾರಿನ ಜೊತೆ ತಟ್ಟೆಗೆ ಹಾಕಿ ಜಗಲಿಯಲ್ಲಿ ಆತನ ಮುಂದೆ ಇಡುತ್ತಿದ್ದರು. ಆತ ತನ್ನ ಗಂಟುಮುದ್ದೆ ತಿಂದು ಎದ್ದುಹೋಗುತ್ತಿದ್ದ. ತಟ್ಟೆ ಹಾಗೇ ಇರುತ್ತಿತ್ತು. ಬೆಳಿಗ್ಗೆ ಆ ಮುದ್ದೆ ಆಕೆಯ ಡಬ್ಬಿಗೆ. ನಾಯಿಗೆ, ದನಕ್ಕೆ ಒಂದು ದಿನವೂ ಹಾಕಲಿಲ್ಲ.

ಒಂದು ವರ್ಷದಲ್ಲಿ ಆತ ಉಣ್ಣುತ್ತಾನೆ ಎಂದುಕೊಂಡಿದ್ದರು. ದೇವರಿಗೆ ಹಾಗೇ ಗಡುವು ಕೊಟ್ಟಿದ್ದರು. ವರ್ಷ ಕಳೆಯಿತು. ಇನ್ನೊಂದು ಕಳೆಯಿತು.

ನಮ್ಮ ಸಭೆ ನೋಡಿಕೊಳ್ಳುವ ಅನಂತರಾಜು ಹೊಲಿಗೆ ಮಿಷನ್ ರಿಪೇರಿ ಮಾಡುವವರು. ದೊಡ್ಡ ಬೋಧಕರೇನಲ್ಲ. ಒಮ್ಮೆ ನಿಟ್ಟೂರಿನ ಆಕೆಯ ಮನೆಗೆ ಪ್ರಾರ್ಥನೆಗೆ ಹೋದಾಗ ಜಗಲಿಯ ಮೇಲಿದ್ದ ಆ ತಟ್ಟೆಯನ್ನೂ ಬೀದಿಯಲ್ಲಿ ಹೋಗುವವರು ಅದನ್ನು ನೋಡಿಕೊಂಡು ಹೋಗುವುದನ್ನೂ ಕಂಡರು. ಹೊರಡುವಾಗ ಮೆತ್ತಗೆ ಒಂದು ಮಾತು ಕೇಳಿದರು. “ಕದರಮ್ಮ, ಈ ತಟ್ಟೆ ಅವ್ರಿಗೆ ಇಕ್ಕಿರೋದಾ, ಬೀದಿಯೋರಿಗಾ?”

ಆಕೆಗೆ ಬಹಳ ಸಿಟ್ಟು ಬಂತು. ಎರಡು ಭಾನುವಾರ ಸಭೆಗೆ ಬರಲಿಲ್ಲ. ಮೂರನೆಯ ಭಾನುವಾರ ಬಂದರು. ಅಂದಿನಿಂದ ತಟ್ಟೆ ಒಳಮನೆಗೆ ಹೋಯಿತು. ಗೋಡೆಯ ಪಕ್ಕ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ. ಇದೆ ಎಂದು ಆತನಿಗೆ ಗೊತ್ತು, ಆಕೆಗೆ ಗೊತ್ತು. ಬೇರೆ ಯಾರಿಗೂ ಕಾಣುವಂತಿರಲಿಲ್ಲ.

ಆರನೆಯ ವರ್ಷ ಒಂದು ಸಲ ಆ ತಟ್ಟೆ ಇಡುವುದನ್ನೇ ನಿಲ್ಲಿಸಿಬಿಟ್ಟರು. ಆ ದಿನಗಳಲ್ಲಿ ಡಬ್ಬಿಯೇ ತರಲಿಲ್ಲ, ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದರು. ಪ್ರಾರ್ಥನೆ ಮಾಡಿದರೆ ಬಾಯಿ ಒಣಗುತ್ತದೆ, ಅಷ್ಟೇ, ಮೇಲೆ ಯಾರೂ ಇಲ್ಲದ ಹಾಗಿದೆ ಎಂದರು. ಒಂಬತ್ತು ದಿನ ಹೀಗೆ. ಹತ್ತನೆಯ ದಿನ ನೋಡಿದರೆ ಡಬ್ಬಿಯಲ್ಲಿ ಮತ್ತೆ ತಂಗಳು ಮುದ್ದೆ.

“ಯಾಕಕ್ಕ, ಮತ್ತೆ ಇಕ್ಕಿದ್ರಾ?” ಎಂದೆ.

ಆಕೆ ಬಾಯಲ್ಲಿದ್ದ ತುತ್ತು ನುಂಗಿದರು. ಆಮೇಲೆ ಹೇಳಿದರು. “ನಂಗೂ ಯೇಸಪ್ಪ ಹಿಂಗೇ ಇಕ್ಕವ್ನೆ ಕಣಪ್ಪ. ನಾನ್ ಹುಟ್ಟಿದಾಗಿಂದ. ಮೂವತ್ತ್ ವರ್ಷ ಆ ಕಡೆ ತಿರುಗಿ ನೋಡ್ನಿಲ್ಲ. ಅವ್ನು ತಟ್ಟೆ ಎತ್ಕೊಂಡ್ ಹೋದ್ನಾ?”

ಆಮೇಲೆ ಆಕೆ ಗಡುವು ಕೊಟ್ಟದ್ದನ್ನು ನಾನು ಕೇಳಿಲ್ಲ. ಪ್ರಾರ್ಥನೆಯಲ್ಲಿ ‘ಉಣ್ಣಿಸು’ ಎನ್ನುವುದೂ ಕಡಿಮೆಯಾಯಿತು. ಕಾಯಿ ಸುಲಿಯುವಾಗ ಅವರ ಕೈಗೆ ಪೆಟ್ಟಾಗದಿರಲಿ ಎನ್ನುತ್ತಿದ್ದರು. ಸ್ಟವ್ವು ಸರಿಯಾಗಿ ಉರಿಯಲಿ ಎನ್ನುತ್ತಿದ್ದರು. ಕರಿಬಸವಯ್ಯ ಪ್ರತಿ ಯುಗಾದಿಗೂ ಬಂದು ತಪ್ಪುಕಾಣಿಕೆಯ ಮಾತೆತ್ತುತ್ತಿದ್ದರು. ಕದರಮ್ಮ ಅವರಿಗೆ ಚಾಪೆ ಹಾಸಿ, ನೀರು ಕೊಟ್ಟು, ಆಗುವುದಿಲ್ಲ ಎನ್ನುತ್ತಿದ್ದರು. ನೀರು ಮಾತ್ರ ಅವರು ಕುಡಿಯುತ್ತಿದ್ದರು.

ಹದಿಮೂರನೆಯ ವರ್ಷ ಮುತ್ತುರಾಜನಿಗೆ ನುಂಗುವಾಗ ನೋವು ಶುರುವಾಯಿತು. ಇಡೀ ದಿನ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುತ್ತಿದ್ದ ಬಾಯಿ. ತುಮಕೂರಿನಲ್ಲಿ ತೋರಿಸಿದರು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಗಂಟಲಲ್ಲಿ ಗಡ್ಡೆ, ತಡವಾಗಿದೆ ಎಂದರು. ಉಸಿರಾಡಲು ಕತ್ತಿನಲ್ಲಿ ತೂತು ಮಾಡಿದರು, ಮಾತು ಹೋಯಿತು. ಊಟಕ್ಕೆ ಮೂಗಿನೊಳಗೆ ಪೈಪು ಹಾಕಿ ಮನೆಗೆ ಕಳಿಸಿದರು. ಆಳು ಅರ್ಧವಾಗಿದ್ದ.

ಕದರಮ್ಮ ಕೆಲಸಕ್ಕೆ ರಜೆ ಹಾಕಿದರು. ಕಫ ತೆಗೆಯುವುದು, ಬಟ್ಟೆ ಒಗೆಯುವುದು, ಮೈ ಒರೆಸುವುದು ಎಲ್ಲ ಆಕೆಯದೇ. ಪೈಪಿಗೆ ಹಾಕುವ ಅಂಬಲಿ ಮಾತ್ರ ಮುತ್ತುರಾಜನ ಅಣ್ಣನ ಮನೆಯಿಂದ ಬರುತ್ತಿತ್ತು. ಅತ್ತಿಗೆ ಉಮಾಮಹೇಶ್ವರಿ ದಿನಕ್ಕೆ ನಾಲ್ಕು ಸಲ ತಂದು, ತಾನೇ ಹುಯ್ದು ಹೋಗುತ್ತಿದ್ದಳು. ಕದರಮ್ಮ ಪಕ್ಕದಲ್ಲಿ ನಿಂತು ತಲೆಯನ್ನು ಹಿಡಿದುಕೊಳ್ಳುತ್ತಿದ್ದರು. ಹಾಗಿದ್ದರೂ ಸಂಜೆ ಎರಡು ಮುದ್ದೆ ಕಟ್ಟುವುದನ್ನು ಬಿಡಲಿಲ್ಲ. ನುಂಗಲಾರದವನಿಗೆ ಮುದ್ದೆ ಯಾಕೆ ಎಂದು ನಾನು ಕೇಳಲಿಲ್ಲ.

ಒಂದು ಭಾನುವಾರ ಸಭೆ ಮುಗಿಸಿ ಅನಂತರಾಜು, ನಾನು ನೋಡಲು ಹೋದೆವು. ಮಧ್ಯಾಹ್ನ ಆಗಿತ್ತು. ಕರಿಬಸವಯ್ಯನೂ ಅಲ್ಲಿದ್ದರು. ಹಿಂದಿನ ದಿನ ಸಂಜೆ ಉಮಾಮಹೇಶ್ವರಿ ಮಗಳ ಹೆರಿಗೆಗೆಂದು ಗಂಡನ ಜೊತೆ ತುಮಕೂರಿಗೆ ಹೋಗಿದ್ದಳು. ಬೆಳಿಗ್ಗೆ ಬರುತ್ತೇನೆಂದವಳು ಬಂದಿರಲಿಲ್ಲ. ಮುತ್ತುರಾಜನ ಹೊಟ್ಟೆಗೆ ಹಿಂದಿನ ಸಂಜೆಯಿಂದ ಏನೂ ಹೋಗಿರಲಿಲ್ಲ. ಕಣ್ಣು ಒಳಗೆ ಹೋಗಿದ್ದವು. ನೆರೆಮನೆಯಿಂದ ಮಾಡಿಸಿ ತರೋಣವೆಂದು ಅನಂತರಾಜು ಎದ್ದರು. ಮುತ್ತುರಾಜ ಕೈ ಅಡ್ಡ ಮಾಡಿದ. ಒಳಗೆ ಕದರಮ್ಮನ ಒಲೆಯ ಕಡೆ ನೋಡಿದ.

ಕರಿಬಸವಯ್ಯ ಬಹಳ ಹೊತ್ತು ಯೋಚಿಸಿ ಒಂದು ದಾರಿ ಹುಡುಕಿದರು. ಆಣೆ ಮಾಡಿದ್ದು ಬಾಯಿಗೆ, ಇದು ಮೂಗಿನಲ್ಲಿ ಹೋಗುವುದು, ಆದ್ದರಿಂದ ಆಣೆಗೆ ಏನೂ ಆಗುವುದಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಅಣ್ಣನ ಮಗ ಹಸಿದು ಸಾಯಬಾರದು, ದೇವರ ಮುಂದೆ ಮಾತು ತಪ್ಪಿದವನಾಗಿಯೂ ಸಾಯಬಾರದು. ಅವರಿಗೆ ಅಷ್ಟು ಬೇಕಿತ್ತು.

ಕದರಮ್ಮ ಅಂಬಲಿ ಕಾಯಿಸಿದರು. ಬಟ್ಟೆಯಲ್ಲಿ ಎರಡು ಸಲ ಸೋಸಿದರು. ಆರಿಸಿ, ಕೈ ಮೇಲೆ ಬಿಟ್ಟು ಬಿಸಿ ನೋಡಿ, ಪೈಪಿಗೆ ಸ್ವಲ್ಪ ಸ್ವಲ್ಪವೇ ಹುಯ್ದರು. ಹದಿಮೂರು ವರ್ಷದಲ್ಲಿ ಆಕೆ ಮಾಡಿದ್ದು ಆತನ ಹೊಟ್ಟೆಗೆ ಹೋದದ್ದು ಅದೇ ಮೊದಲು. ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ. ಪೈಪು ನೋಡುತ್ತಿದ್ದರು.

ಬಟ್ಟಲಿನಲ್ಲಿ ಇನ್ನೂ ಎರಡು ಚಮಚದಷ್ಟು ಇತ್ತು. ಮುತ್ತುರಾಜ ಆಕೆಯ ಕೈಯನ್ನು ಹಿಡಿದು ನಿಲ್ಲಿಸಿದ. ಕರಿಬಸವಯ್ಯನನ್ನು ಒಂದು ಸಲ ನೋಡಿದ. ಬೆರಳನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡ. ಆಮೇಲೆ ಬಾಯಿ ತೆಗೆದ.

“ಬ್ಯಾಡ ಕಣ್ಲಾ ಮುತ್ತು” ಎಂದರು ಕರಿಬಸವಯ್ಯ. “ಈಗ್ಲೇ ಹೊಟ್ಟೆಗೆ ಹೋಗೈತೆ. ಬಾಯಿಗ್ ಯಾಕ್ಲಾ?”

ಆತ ಬಾಯಿ ಮುಚ್ಚಲಿಲ್ಲ. ಹಾಗೇ ತೆರೆದುಕೊಂಡು ಕಾಯುತ್ತಿದ್ದ.

ಕದರಮ್ಮ ಅನಂತರಾಜು ಕಡೆ ನೋಡಿದರು. ಬಾಯಿಗೆ ಏನೂ ಹಾಕಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅನಂತರಾಜು ತಲೆ ತಗ್ಗಿಸಿದರು. ಆಕೆ ಬೆರಳ ತುದಿಯನ್ನು ಅಂಬಲಿಯಲ್ಲಿ ಅದ್ದಿ, ಆತನ ನಾಲಿಗೆಗೆ ಸವರಿದರು. ಅಷ್ಟೇ. ಆತ ತುಟಿ ಮುಚ್ಚಿ ನುಂಗಲು ನೋಡಿದ. ಕತ್ತಿನ ನರಗಳೆಲ್ಲ ಎದ್ದವು. ಆಗಲಿಲ್ಲ. ಎಂಜಲಿನ ಜೊತೆ ಬಾಯಿಯ ಮೂಲೆಯಿಂದ ಇಳಿದು ದಿಂಬಿಗೆ ಹೋಯಿತು. ಕದರಮ್ಮ ಸೆರಗಿನಿಂದ ಒರೆಸಿದರು. ಕರಿಬಸವಯ್ಯ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಒಂಬತ್ತು ದಿನದ ಮೇಲೆ ಮುತ್ತುರಾಜ ತೀರಿಕೊಂಡ. ಅವರ ಕಡೆಯವರು ಅವರ ಪದ್ಧತಿಯಂತೆ ಮಣ್ಣು ಮಾಡಿದರು. ಅದರಲ್ಲಿ ತಪ್ಪಿಲ್ಲ, ಆತ ಅವರ ಮಗನೇ. ಹನ್ನೊಂದನೆಯ ದಿನ ಎಡೆ ಇಡುವ ಅಡುಗೆಯನ್ನು ಉಮಾಮಹೇಶ್ವರಿ ಮಾಡಿದಳು. ಕದರಮ್ಮನಿಗೆ ಆ ಒಲೆಯ ಹತ್ತಿರ ಬರಬೇಡ ಎಂದರು. ಆಕೆ ದೂರದಲ್ಲಿ ಕೂತು ಪಾತ್ರೆ ತೊಳೆದುಕೊಟ್ಟರು.

ಮುಂದಿನ ಭಾನುವಾರ ಸಭೆಯಲ್ಲಿ, ದೇವರು ತಮಗೆ ಮಾಡಿದ್ದನ್ನು ಒಬ್ಬೊಬ್ಬರೇ ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತು ಬಂತು. ಆವತ್ತಿನ ವಿಷಯ ನನ್ನ ಬಾಯಿಂದಲೇ ಎಲ್ಲರಿಗೂ ತಿಳಿದಿತ್ತು. ಕದರಮ್ಮ ಎದ್ದು ದೊಡ್ಡ ಸಾಕ್ಷಿ ಹೇಳುತ್ತಾರೆ ಎಂದು ಕಾದಿದ್ದರು. ಹದಿಮೂರು ವರ್ಷದ ಪ್ರಾರ್ಥನೆಗೆ ಉತ್ತರ ಸಿಕ್ಕಿತು ಎಂದು ಒಬ್ಬರು ಆಗಲೇ ಹೇಳಿಯೂ ಬಿಟ್ಟಿದ್ದರು. ಕದರಮ್ಮ ನಿಂತರು.

“ಉಂಡ್ರು ಅಂತ ನಾನ್ ಹೇಳಾಕಿಲ್ಲ. ನುಂಗಾಕ್ ಆಗ್ನಿಲ್ಲ ಅವ್ರಿಗೆ. ಬಾಯ್ ತೆಗೆದ್ರು” ಎಂದು ಕೂತರು.

ಸಾಕ್ಷಿ ಮುಗಿದಾಗ ಎಲ್ಲರೂ ಸ್ತೋತ್ರ ಎನ್ನುವುದು ವಾಡಿಕೆ, ಆವತ್ತು ಯಾರೂ ಅನ್ನಲಿಲ್ಲ. ಅನಂತರಾಜು ಮುಂದಿನ ಹಾಡು ಹಿಡಿದರು.

ಈಗ ಆಕೆ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಅದೇ ರೈಲು. ಜಗಲಿಯ ಸ್ಟವ್ವನ್ನು ಉಮಾಮಹೇಶ್ವರಿ ತೆಗೆದುಕೊಂಡು ಹೋದಳಂತೆ. ಕದರಮ್ಮ ಬಡಕಲಾಗಿದ್ದಾರೆ. ಮನೆಗೆ ಹೋಗಲು ಮನಸ್ಸಾಗುವುದಿಲ್ಲ, ಹೋಗದೆ ಇರಲೂ ಆಗುವುದಿಲ್ಲ ಎನ್ನುತ್ತಾರೆ. ಪ್ರಾರ್ಥನೆ ಬಿಟ್ಟಿಲ್ಲ. ಆದರೆ ಏನು ಕೇಳಬೇಕೆಂದು ಗೊತ್ತಾಗುವುದಿಲ್ಲವಂತೆ, ಸುಮ್ಮನೆ ಕೂತು ಏಳುತ್ತಾರಂತೆ.

ಮೊನ್ನೆ ಗುಬ್ಬಿ ದಾಟಿದ ಮೇಲೆ ಡಬ್ಬಿ ಬಿಚ್ಚಿದರು. ಮಜ್ಜಿಗೆಯಲ್ಲಿ ಕಿವುಚಿದ ತಂಗಳು ಮುದ್ದೆ. ಅಂಜನಪ್ಪ ನೋಡಿ ತನ್ನ ಡಬ್ಬಿಗೆ ಕೈ ಹಾಕಿದ. ಕದರಮ್ಮನೇ ಹೇಳಿದರು. ಹಿಟ್ಟು ಹಾಕುವಾಗ ಕೈ ಎರಡು ಮುದ್ದೆಗೇ ಹಾಕುತ್ತದೆ, ಒಂದಕ್ಕೆ ಎಷ್ಟು ಹಾಕಬೇಕೆಂದು ಅದಕ್ಕೆ ಗೊತ್ತಿಲ್ಲ ಎಂದು. ಆಮೇಲೆ ಈರುಳ್ಳಿ ಕಚ್ಚಿಕೊಂಡು, ತುಮಕೂರು ಬರುವವರೆಗೆ, ಪೂರ್ತಿ ತಿಂದರು.