ನಲ್ಲೂರಿನ ಯಜಮಾನರಿಗೆ ಒಂದು ಇಂಗ್ಲಿಷ್ ಹೆಸರು

ನಲ್ಲೂರಿನ ಸರ್ವಮಂಗಳಮ್ಮ ಮದುವೆಯಾಗಿ ಬಂದಾಗಿನಿಂದ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಿದವಳಲ್ಲ. ಜನಗಣತಿಯವರು ಬಂದು ‘ಯಜಮಾನರ ಹೆಸರೇನಮ್ಮ’ ಎಂದು ಕೇಳಿದರೆ ಪಡಸಾಲೆಯ ಗೋಡೆಯ ಮೇಲಿನ ಮದುವೆ ಫೋಟೊ ತೋರಿಸಿ, “ಅದರ ಕೆಳಗೆ ಬರ್ದೈತೆ, ಓದ್ಕಳ್ರಿ” ಎನ್ನುತ್ತಿದ್ದಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿ ಕಳಿಸಿದ್ದಳು. ಮದುವೆ ಮನೆಗಳಲ್ಲಿ ಹೆಂಗಸರು ಸುತ್ತುಗಟ್ಟಿ ಒಡಪು ಹೇಳಿಸುತ್ತಾರಲ್ಲ, ಪದ ಕಟ್ಟಿ ಅದರ ತುದಿಗೆ ಗಂಡನ ಹೆಸರು ಸೇರಿಸಿ ಹೇಳುವುದು, ಆ ಹೊತ್ತಿಗೆ ಸರಿಯಾಗಿ ಇವಳು ಅಡುಗೆಯವರ ಹತ್ತಿರ ಸಾರಿನ ಉಪ್ಪು ನೋಡುತ್ತಿರುತ್ತಿದ್ದಳು. ಹಾಗಾಗಿ ಜಯದೇವಪ್ಪ ಮನೆಯೊಳಗೆ ‘ರೀ’, ಅಂಗಳದಲ್ಲಿ ‘ಇಲ್ಕೇಳ್ರಿ’, ಊರವರ ಮುಂದೆ ‘ನಮ್ಮನೆಯೋರು’ ಆಗಿಯೇ ಮುದುಕನಾಗುತ್ತ ಬಂದಿದ್ದ.

ಈ ನಮ್ಮನೆಯೋರು ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ಎಂಜಲು ಕೈಯಲ್ಲಿ ಕಾಗೆ ಓಡಿಸುವ ಪೈಕಿಯೂ ಅಲ್ಲ. ಟೂತ್‌ಪೇಸ್ಟ್ ಮುಗಿದ ಮೇಲೆ ಟ್ಯೂಬಿನ ಹೊಟ್ಟೆಯನ್ನು ಕತ್ತರಿಯಿಂದ ಸೀಳಿ ಇನ್ನೂ ಒಂದು ವಾರ ಹಲ್ಲುಜ್ಜುತ್ತಿದ್ದ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲಂತೂ ಮನೆಯ ಹೊರಗೆಲಸವನ್ನೆಲ್ಲ ಹೆಂಡತಿಗೇ ವಹಿಸಿಬಿಟ್ಟ. ಚನ್ನಗಿರಿಗೆ ಹೋಗಿ ಮೋಟಾರು ರಿಪೇರಿಗೆ ಕೊಡುವವಳು ಅವಳು, ನ್ಯಾಮತಿಯಲ್ಲಿ ನೆಂಟರು ಸತ್ತರೆ ಮಾತಾಡಿಸಿ ಬರುವವಳು ಅವಳು. ಗಂಡನ ಬಿಗಿ ಕೈಯಿಂದಾಗಿ ಅವಳು ಊರೂರು ತಿರುಗಿ ಗಾಳಿ ಕುಡಿದು ಬರುತ್ತಿದ್ದಳು, ಅದಕ್ಕೇ ದೂರುತ್ತಿರಲಿಲ್ಲ.

ಸೊಸೆ ಪ್ರಮೀಳಾ ಬಂದದ್ದು ಹೋದ ವರ್ಷ. ಡಿಗ್ರಿ ಓದಿದ ಹುಡುಗಿ. ಬ್ಯಾಂಕಿನ ಪರೀಕ್ಷೆ ಬರೆಯಬೇಕು, ಅದಕ್ಕೆ ಮೊದಲು ದಾವಣಗೆರೆಯಲ್ಲಿ ಕೆಲವು ತಿಂಗಳು ಕೋಚಿಂಗಿಗೆ ಹೋಗಬೇಕು ಎಂಬುದು ಅವಳ ಆಸೆ. ಗಂಡನನ್ನು ಕೇಳಿದರೆ “ಅಪ್ಪನ್ನ ಕೇಳು” ಎಂದ. ಮಾವನನ್ನು ಕೇಳಿದರೆ “ನೋಡಾನ” ಎಂದ. ಜಯದೇವಪ್ಪನ ಬಾಯಲ್ಲಿ ‘ನೋಡಾನ’ ಎಂದರೆ ಬಾಗಿಲಿಗೆ ಅಗುಳಿ ಬಿತ್ತು ಎಂದೇ ಅರ್ಥ ಎನ್ನುವುದು ಇಡೀ ನಲ್ಲೂರಿಗೆ ಗೊತ್ತಿತ್ತು.

ಸೊಸೆಯ ಮುಖ ಸಣ್ಣದಾದದ್ದನ್ನು ಸರ್ವಮಂಗಳಮ್ಮ ನೋಡಿದಳು. ತಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ದಿನ ತನ್ನ ಮುಖವೂ ಹಾಗೇ ಇದ್ದಿರಬೇಕು ಅನಿಸಿತು, ಸಂಕಟವಾಯಿತು. ಆದರೆ ಗಂಡನ ಎದುರು ನಿಂತು ವಾದಿಸುವ ಅಭ್ಯಾಸ ಅವಳಿಗಿರಲಿಲ್ಲ. ಮಾಡಲು ಸಾಧ್ಯವಿದ್ದದ್ದನ್ನು ಮಾಡಿದಳು.

ಅಡಿಕೆ ಸುಲಿಯುವ ಕಾಲ. ಇನ್ನೊಂದು ಕೂಲಿಯಾಳಿನ ಖರ್ಚು ಉಳಿಯಲಿ ಎಂದು ಜಯದೇವಪ್ಪ ಸೊಸೆಯನ್ನೂ ಶೆಡ್ಡಿನಲ್ಲಿ ಕೂರಿಸಿದ್ದ. ಸರ್ವಮಂಗಳಮ್ಮನಿಗೆ ಮಂಡಿ ನೋವು, ಕೆಳಗೆ ಕೂರಲಾಗದು. ಅವಳು ಕುರ್ಚಿ ಹಾಕಿಕೊಂಡು ಸೊಸೆಯ ಪುಸ್ತಕ ಹಿಡಿದಳು. ಪುಸ್ತಕದಲ್ಲಿ ಉದ್ದುದ್ದನೆಯ ಇಂಗ್ಲಿಷ್ ಪದಗಳು, ಪಕ್ಕದಲ್ಲಿ ಕನ್ನಡ ಅರ್ಥ. ಅತ್ತೆ ಕನ್ನಡ ಓದುವುದು, ಸೊಸೆ ಕತ್ತಿಯಿಂದ ಕಣ್ಣು ತೆಗೆಯದೆ ಇಂಗ್ಲಿಷ್ ಹೇಳುವುದು. ಇದು ಪಾಠದ ಕ್ರಮ.

“ಅತಿಯಾಗಿ ಮಾತಾಡುವವರು,” ಎಂದಳು ಅತ್ತೆ.

“ಗ್ಯಾರುಲಸ್.”

“ಅಂದ್ರೆ ನಮ್ಮ ದುರುಗಮ್ಮ,” ಎಂದಳು ಸರ್ವಮಂಗಳಮ್ಮ. ಸುಲಿಯುವ ಹೆಂಗಸರಲ್ಲೇ ಹಿರಿಯಳಾದ ದುರುಗಮ್ಮ, “ನಾನೇನ್ ಮಾತಾಡ್ತೀನವ್ವ, ಯಾರರ ಮಾತಾಡಿಸಿದ್ರೆ ಮಾತಾಡ್ತೀನಿ, ಮೊನ್ನೆ ಕೆರೆಬಿಳಚಿಗೆ ಹೋದಾಗ” ಎಂದು ಶುರು ಮಾಡಿದವಳು ಚಹಾ ಬರುವವರೆಗೆ ನಿಲ್ಲಿಸಲಿಲ್ಲ. ಆ ಪದ ಯಾರಿಗೂ ಮರೆಯಲಿಲ್ಲ.

ಅಲ್ಲಿಗೆ ಸರ್ವಮಂಗಳಮ್ಮನಿಗೆ ದಾರಿ ಸಿಕ್ಕಿತು. ಊರಲ್ಲಿ ಅಡ್ಡಹೆಸರಿಲ್ಲದ ಮನುಷ್ಯ ಯಾರಿದ್ದಾರೆ? ಒಂದು ಪದ ಬಂದರೆ ಅದನ್ನು ಒಬ್ಬರ ತಲೆಗೆ ಕಟ್ಟುವುದು, ಆಮೇಲೆ ಆ ಮನುಷ್ಯ ಎದುರಾದಾಗಲೆಲ್ಲ ಪದ ತಾನೇ ನೆನಪಾಗುತ್ತದೆ. ‘ನಾಳೆ ಬರ್ತೀನಿ ಬಿಡ್ರಿ’ ಎಂದು ಯುಗಾದಿಯಿಂದ ಹೇಳುತ್ತಿರುವ ಕರೆಂಟಿನ ಮಾರಪ್ಪ ‘ಪ್ರೊಕ್ರಾಸ್ಟಿನೇಟರ್’ ಆದ. ಮೊಮ್ಮಗ ಪಾಸಾದರೂ ಸೆರಗು ಕಣ್ಣಿಗೊತ್ತುವ ಎದುರುಮನೆ ಅಜ್ಜಮ್ಮ ‘ಲುಗೂಬ್ರಿಯಸ್’, ಅಂದರೆ ಅಳುಮುಂಜಿ, ಆದಳು. ಸುಲಿಯುವ ಹೆಂಗಸರೆಲ್ಲ ನಲ್ಲೂರಿನ ದೊಡ್ಡ ಮನುಷ್ಯರನ್ನು ಅವರ ಎದುರಿಗೇ ಬಾಯ್ತುಂಬ ಬೈಯಲು ಕಲಿತರು, ಬೈಸಿಕೊಂಡವರು ನಗುತ್ತ ಮುಂದೆ ಹೋದರು.

ಒಂದು ಪದ ಮಾತ್ರ ನಿಲ್ಲಲಿಲ್ಲ. ‘ದೊಡ್ಡ ಮನಸ್ಸಿನವರು, ಉದಾರಿಗಳು’ ಎಂದು ಅರ್ಥ. ‘ಮ್ಯಾಗ್ನಾನಿಮಸ್’ ಎಂದು ಪದ. ಸೊಸೆಗೆ ಬರುತ್ತಿತ್ತು, ಅತ್ತೆಗೆ ಪುಟ ತಿರುಗಿಸುವಷ್ಟರಲ್ಲಿ ಮರೆತುಹೋಗುತ್ತಿತ್ತು.

“ಯಾರಿಗೆ ಕಟ್ಟಾನ ಹೇಳು ಇದನ್ನ?” ಎಂದು ಅವಳು ಊರನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿದಳು. “ನಮ್ಮೂರಾಗೆ ಅದಕ್ಕೆ ತಲೆನೇ ಇಲ್ಲ ಬಿಡು.”

‘ಜಿಪುಣ’ ಎಂಬ ಪದಕ್ಕೆ ಆ ತೊಂದರೆ ಇರಲಿಲ್ಲ. ‘ಪಾರ್ಸಿಮೋನಿಯಸ್’ ಎಂದು ಪ್ರಮೀಳಾ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಜಯದೇವಪ್ಪ ಗೇಟಿನ ಹತ್ತಿರ ಬಗ್ಗಿ, ಚೀಲದಿಂದ ಉದುರಿದ್ದ ಒಂದೇ ಒಂದು ಅಡಿಕೆಯನ್ನು ಧೂಳಿನಿಂದ ಹೆಕ್ಕಿ ಪಂಚೆಗೆ ಒರೆಸಿಕೊಂಡ. ಹೆಂಗಸರ ಕತ್ತಿಗಳೆಲ್ಲ ನಿಂತವು.

“ಬಂದ್ರು ನೋಡ್ರಿ ಪಾರ್ಸಿಮೋನಿಯಸ್,” ಎಂದಳು ಸರ್ವಮಂಗಳಮ್ಮ. ಶೆಡ್ಡಿನ ತಗಡು ಹಾರುವ ಹಾಗೆ ನಗು ಎದ್ದಿತು.

“ಏನೇ ಅದು, ನಂಗೆ ಕರೆದಿದ್ದು?” ಎಂದ ಜಯದೇವಪ್ಪ.

ಸೊಸೆಯ ಮುಖದಲ್ಲಿ ರಕ್ತವಿಲ್ಲ. ಅತ್ತೆ ಪುಸ್ತಕವನ್ನು ಸೆರಗಿನಡಿ ಸೇರಿಸಿದಳು. ಆಗ ಕಾಪಾಡಿದ್ದು ಗ್ಯಾರುಲಸ್ ದುರುಗಮ್ಮನೇ. “ಯಜಮಾನ್ರೇ, ಇಂಗ್ಲಿಷಿನಾಗೆ ದೊಡ್ಡೋರಿಗೆ ಹಂಗೆ ಅಂತಾರಂತೆ. ಆಸ್ತಿ ಕೂಡಿಹಾಕಿ ಮನೆತನ ಬೆಳೆಸಿದೋರಿಗೆ. ಎಲ್ರಿಗೂ ಅನ್ನಾಕೆ ಬರಾಂಗಿಲ್ಲ.”

ಜಯದೇವಪ್ಪ ಆ ಪದವನ್ನು ಬಾಯಲ್ಲೇ ಒಮ್ಮೆ ಹೊರಳಿಸಿ ನೋಡಿದ. ಅವನ ಮುಖ ಅರಳಿದ್ದನ್ನು ಕಂಡು ಸರ್ವಮಂಗಳಮ್ಮನಿಗೆ ನಗು ಬಂತು, ಅದರ ಹಿಂದೆಯೇ ಸ್ವಲ್ಪ ಕಸಿವಿಸಿಯೂ ಆಯಿತು. ಇಷ್ಟು ವರ್ಷಗಳಲ್ಲಿ ಹೆಂಡತಿ ತನ್ನನ್ನು ‘ರೀ’ ಬಿಟ್ಟು ಬೇರೆ ಏನೋ ಒಂದು ಕರೆದಳು ಎಂಬ ಖುಷಿ ಆ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಅಂದಿನಿಂದ ಅವಳು ಕರೆದಾಗಲೆಲ್ಲ ಓಗೊಡತೊಡಗಿದ. “ಪಾರ್ಸಿಮೋನಿಯಸ್, ಊಟಕ್ಕೆ ಬರ್ರಿ” ಎಂದರೆ ಮೊದಲ ಕೂಗಿಗೇ ಬರುತ್ತಿದ್ದ. ಹಿಂದೆ ನಾಲ್ಕು ಸಲ ‘ರೀ’ ಎನ್ನಬೇಕಿತ್ತು. ಫೋನಿನಲ್ಲಿ ಅಡಿಕೆ ಮಂಡಿಯವರಿಗೆ “ಪಾರ್ಸಿಮೋನಿಯಸ್ ಜಯದೇವಪ್ಪ ಮಾತಾಡಾದು” ಎನ್ನುವುದನ್ನು ಕೇಳಿಸಿಕೊಂಡು ಪ್ರಮೀಳಾ ಒಳಗೆ ಓಡಿದಳು.

“ಅತ್ತೆ, ಇದು ಮಾವಂಗೆ ಗೊತ್ತಾದ್ರೆ ನನ್ ಕೋಚಿಂಗ್ ಅಷ್ಟೇ. ಪುಸ್ತಕನೂ ಒಲೆಗೆ ಹೋಗ್ತೈತೆ.”

“ಯಾರ್ ಹೇಳ್ತಾರೆ ಬಿಡು,” ಎಂದಳು ಅತ್ತೆ.

ಕಾರ್ತಿಕದಲ್ಲಿ ಹೊನ್ನಾಳಿಯಲ್ಲಿ ಮದುವೆ. ಜಯದೇವಪ್ಪನ ತಂಗಿಯ ಮಗಳು ಸುಚಿತ್ರಾಳನ್ನು ನ್ಯಾಮತಿಗೆ ಕೊಟ್ಟಿದ್ದರು. ಸೋದರಮಾವ ಎಂದು ಜಯದೇವಪ್ಪ ಹಿಂದಿನ ದಿನವೇ ಹೋಗಿದ್ದ. ಮಾರನೇ ದಿನ ಅತ್ತೆ ಸೊಸೆ ಪುಕ್ಕಟೆ ಬಸ್ಸಿನಲ್ಲಿ ಹೋಗಿ ಕಲ್ಯಾಣ ಮಂಟಪದ ಮುಂದೆ ಇಳಿದರೆ, ಬಾಗಿಲ ಪಕ್ಕದಲ್ಲೇ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಪೇಟ ಸುತ್ತಿಕೊಂಡು ಕೈ ಮುಗಿದು ನಿಂತ ಜಯದೇವಪ್ಪ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಶುಭ ಕೋರುವವರು: ಪಾರ್ಸಿಮೋನಿಯಸ್ ಜಯದೇವಪ್ಪ, ನಲ್ಲೂರು.’

ಜಯದೇವಪ್ಪ ಫ್ಲೆಕ್ಸಿನ ಪಕ್ಕದಲ್ಲೇ ನಿಂತು ಇವರನ್ನೇ ಕಾಯುತ್ತಿದ್ದ. “ಹೆಂಗೈತೆ?” ಎಂದ. “ಅಕ್ಷರ ಎಷ್ಟಿದ್ರೂ ರೇಟು ಒಂದೇ ಅಂದ ಫ್ಲೆಕ್ಸಿನೋನು. ಹಂಗಾರೆ ಉದ್ದಂದೇ ಹಾಕು ಅಂದೆ.”

“ಬಾಳ ಚಂದೈತೆ,” ಎಂದಳು ಸರ್ವಮಂಗಳಮ್ಮ. ಪ್ರಮೀಳಾ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ಧಾರೆಯೆಲ್ಲ ಸುಸೂತ್ರವಾಗಿ ಮುಗಿಯಿತು. ಇಂಗ್ಲಿಷ್ ಕಲಿತವರೂ ಫ್ಲೆಕ್ಸಿನ ಮುಂದೆ ಹಾದು ಹೋದರು, ಯಾರೂ ತಲೆ ಎತ್ತಿ ನೋಡಲಿಲ್ಲ. ಫ್ಲೆಕ್ಸನ್ನು ಓದುವವರು ಯಾರಿದ್ದಾರೆ ಎಂದು ಸರ್ವಮಂಗಳಮ್ಮನಿಗೆ ಧೈರ್ಯ ಬರುವ ಹೊತ್ತಿಗೆ ಊಟದ ಪಂಕ್ತಿಯಲ್ಲಿ ಗಂಡನ ಪಕ್ಕದಲ್ಲಿ ಕೂತವನನ್ನು ನೋಡಿದಳು. ಮದುಮಗನ ಸೋದರಮಾವ ಪ್ರವೀಣ್ ಕುಮಾರ್. ಜಗಳೂರಿನಲ್ಲಿ ಲೆಕ್ಚರರ್. ಯಾವ ವಿಷಯ ಎಂದು ಪಕ್ಕದವಳನ್ನು ಕೇಳಿದಳು. ಇಂಗ್ಲಿಷ್ ಎಂದಳು ಪಕ್ಕದವಳು.

ಎದುರಿನ ಪಂಕ್ತಿಯಾದ್ದರಿಂದ ಮಾತೆಲ್ಲ ಕೇಳುತ್ತಿತ್ತು.

“ಸಾರ್, ಹೊರಗಿನ ಫ್ಲೆಕ್ಸ್ ನಿಮ್ದೇ ಅಲ್ವ? ಆ ಬಿರುದು ಯಾರು ಕೊಟ್ಟಿದ್ದು?”

“ನಮ್ಮ ಮನೆಯಾಕೆ,” ಎಂದ ಜಯದೇವಪ್ಪ, ಎದೆ ಮುಂದೆ ಮಾಡಿ. “ಓದಿದ್ದು ಏಳನೇ ಕ್ಲಾಸು. ಆದ್ರೆ ತಲೆ ಐತೆ.”

ಪ್ರವೀಣ್ ಕುಮಾರ್ ಒಳ್ಳೆಯವನು. ಹೇಳಲೋ ಬೇಡವೋ ಎಂದು ಹಪ್ಪಳವನ್ನು ಮುರಿದು ಚೂರು ಚೂರು ಮಾಡಿದ. ಆಮೇಲೆ ಬಗ್ಗಿ ಕಿವಿಯಲ್ಲಿ ಹೇಳಿದ. ಜಯದೇವಪ್ಪನ ಕೈ ಪಾಯಸದ ಲೋಟದ ಮೇಲೆ ನಿಂತಿತು. ತಲೆ ಎತ್ತಿ ಎದುರಿನ ಪಂಕ್ತಿಯಲ್ಲಿದ್ದ ಹೆಂಡತಿಯನ್ನೇ ನೋಡಿದ. ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ಅವನ ಮುಖ ಸಂತೆಯಲ್ಲಿ ಕೈ ಬಿಟ್ಟು ಹೋದ ಮಗುವಿನ ಹಾಗಾಗಿತ್ತು. ಆಮೇಲೆ ತಲೆ ತಗ್ಗಿಸಿ ಪಾಯಸ ಪೂರ್ತಿ ಕುಡಿದ. ಎಲೆಯಲ್ಲಿ ಬಿಡುವ ಪೈಕಿ ಅವನಲ್ಲ.

“ಎಲ್ಲ ಮುಗೀತು ಅತ್ತೆ,” ಎಂದಳು ಪ್ರಮೀಳಾ. ಸರ್ವಮಂಗಳಮ್ಮ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದಳು. ಸೊಸೆಯ ಓದೂ ಹೋಯಿತು, ಗಂಡನ ಮರ್ಯಾದೆಯೂ ಹೋಯಿತು, ಎರಡೂ ತನ್ನ ಒಂದು ನಾಲಿಗೆಯ ಚಪಲದಿಂದ. ಜೀವನದಲ್ಲಿ ಮೊದಲ ಸಲ ಅವಳಿಗೆ ಗಂಡನ ಮೇಲೆ ಅಯ್ಯೋ ಅನಿಸಿತು.

ಊಟವಾದ ಮೇಲೆ ಒಡಪಿನ ಗಲಾಟೆ ಶುರುವಾಯಿತು. ಸುಚಿತ್ರಾ ನಾಚಿಕೊಂಡು ಗಂಡನ ಹೆಸರು ಹೇಳಿದಳು, ಮೈಕು ಕೈಯಿಂದ ಕೈಗೆ ಹೋಯಿತು. ಪ್ರತಿ ಸಲದ ಹಾಗೆ ಯಾರೋ, “ನಲ್ಲೂರತ್ತೆ ಎಲ್ಲಿ? ಅಡುಗೆ ಮನೆಗೆ ಹೋಗಿರ್ಬೇಕು ನೋಡ್ರಿ” ಎಂದರು.

“ಇಲ್ಲೇ ಇದೀನಿ,” ಎಂದು ಸರ್ವಮಂಗಳಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಕಂಬದ ಹತ್ತಿರ ನಿಂತಿದ್ದ ಜಯದೇವಪ್ಪ, ಇನ್ನು ಏನು ಬಾಕಿ ಉಳಿದಿದೆಯೋ ಎಂಬಂತೆ ನೋಡುತ್ತಿದ್ದ. ಎಂದೂ ನೆನಪಿಗೆ ನಿಲ್ಲದ ಆ ಪದ ಅವಳಿಗೆ ಆಗ ತಾನಾಗಿ ಹೊಳೆಯಿತು, ಏಕೆಂದರೆ ಅದನ್ನು ಕಟ್ಟಲು ಒಂದು ತಲೆ ಕಣ್ಣೆದುರಿಗೇ ಇತ್ತು. ಅವ್ವ ಹೇಳಿದ ಆಯುಷ್ಯದ ಮಾತೂ ನೆನಪಾಯಿತು. ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದು ಮೈಕು ಹಿಡಿದಳು.

“ಹೊನ್ನಾಳಿ ಹೊಳೆ ನೀರು ಹಿಡಿದ್ರೂ ನಿಲ್ಲಾದಿಲ್ಲ,
ನಮ್ಮೋರ ಮನಸು ಎಷ್ಟು ದೊಡ್ದೋ ಊರೋರ್ಯಾರೂ ಕಂಡಿಲ್ಲ;
ಸೊಸೆನ್ನ ಕೋಚಿಂಗಿಗ್ ಕಳ್ಸೋ ಮಾವ, ಮಾವ ಅಲ್ಲ ಅಪ್ಪ,
ಮ್ಯಾಗ್ನಾನಿಮಸ್ ಅಂದ್ರೆ ಯಾರು? ನಮ್ಮ ಜಯದೇವಪ್ಪ.”

ಮಂಟಪದಲ್ಲಿ ಚಪ್ಪಾಳೆ ಬಿತ್ತು. ಅವಳು ಮೈಕು ಕೆಳಗಿಡದೆ, “ಜಗಳೂರು ಮೇಷ್ಟ್ರು ಎಲ್ಲಿದ್ದಾರೆ? ಅದರ ಅರ್ಥ ಎಲ್ರಿಗೂ ಹೇಳ್ರಿ ಸ್ವಲ್ಪ” ಎಂದಳು.

ತನ್ನಿಂದ ಆದ ಎಡವಟ್ಟನ್ನು ತೊಳೆದುಕೊಳ್ಳಲು ಪ್ರವೀಣ್ ಕುಮಾರನಿಗೂ ದಾರಿ ಬೇಕಿತ್ತು. “ಬಹಳ ದೊಡ್ಡ ಮನಸ್ಸಿನವರು, ಕೊಡುಗೈ ದಾನಿಗಳು ಅಂತ” ಎಂದು ಎದ್ದು ನಿಂತು ಹೇಳಿದ.

ನ್ಯಾಮತಿಯ ಬೀಗರೆಲ್ಲ ಜಯದೇವಪ್ಪನ ಸುತ್ತ ನೆರೆದರು. “ಸೊಸೆನ್ನ ಓದಾಕೆ ಕಳಿಸ್ತಿದೀರಂತಲ್ರಿ, ನಿಮ್ಮಂಥೋರು ಬೇಕ್ರಿ” ಎಂದು ಹಿರಿಯರೊಬ್ಬರು ಕೈ ಹಿಡಿದರು. ಜಯದೇವಪ್ಪ “ನೋಡಾ...” ಎಂದು ಶುರು ಮಾಡಿದವನು ಬೀಗರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. “ಹೂಂ, ಕಳಿಸ್ತಿದೀನಿ” ಎಂದ. ಪ್ರಮೀಳಾ ಮತ್ತೆ ಅತ್ತೆಯ ತೋಳು ಹಿಡಿದಳು.

ಸಂಜೆ ಹೊನ್ನಾಳಿ ಬಸ್‌ಸ್ಟ್ಯಾಂಡಿಗೆ ಮೂವರೂ ನಡೆದೇ ಹೊರಟರು. ಜಯದೇವಪ್ಪನ ಕಂಕುಳಲ್ಲಿ ಸುರುಳಿ ಸುತ್ತಿದ ಫ್ಲೆಕ್ಸ್ ಇತ್ತು.

“ಅದ್ಯಾಕ್ರಿ ತಂದ್ರಿ?” ಎಂದಳು ಸರ್ವಮಂಗಳಮ್ಮ.

“ಮಳೆ ಬಂದ್ರೆ ಅಡಿಕೆ ಮೇಲೆ ಮುಚ್ಚಾಕೆ ಆಗ್ತೈತೆ.”

ಪ್ರಮೀಳಾ ಬೇಕೆಂದೇ ಹಿಂದೆ ಉಳಿದಳು.

“ತಪ್ಪಾತು ಕಣ್ರಿ,” ಎಂದಳು ಸರ್ವಮಂಗಳಮ್ಮ. “ಇನ್ಮೇಲೆ ಹೊಸದ್ರಲ್ಲೇ ಕರೀತೀನಿ.”

“ಬ್ಯಾಡ,” ಎಂದ ಜಯದೇವಪ್ಪ. “ಅದು ಬಾಳ ಖರ್ಚಿನ ಹೆಸರು. ಒಂದೇ ದಿನಕ್ಕೆ ಇಷ್ಟು ಕಿತ್ಕಂತು.” ಫ್ಲೆಕ್ಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡ. “ಅಲ್ದೆ, ಅದು ನೀನು ಊರಿಗೆ ಹೇಳಿದ್ದು. ಹಳೇದು ನಂಗೆ ಕರೆದಿದ್ದು. ಹಳೇದೇ ಇರ್ಲಿ.”

ಸರ್ವಮಂಗಳಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಎದುರುಮನೆ ಅಜ್ಜಮ್ಮನ ‘ಲುಗೂಬ್ರಿಯಸ್’ ಈಗ ತನಗೇ ಬಂದು ಕಟ್ಟಿಕೊಂಡಿತು ಅನಿಸಿತು.

ಬಸ್ಸು ಬಂತು. ಹೆಂಗಸರಿಬ್ಬರೂ ಮುಂದೆ ಹತ್ತಿ ಸೀಟು ಹಿಡಿದರು. ಜಯದೇವಪ್ಪ ಫ್ಲೆಕ್ಸು ಹಿಡಿದುಕೊಂಡು ಹಿಂದಿನ ಬಾಗಿಲಲ್ಲಿ ಜನರ ನಡುವೆ ಸಿಕ್ಕಿಕೊಂಡಿದ್ದ. ಸರ್ವಮಂಗಳಮ್ಮ ಪಕ್ಕದ ಸೀಟಿನ ಮೇಲೆ ಟವೆಲ್ಲು ಹಾಕಿ, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದಳು:

“ಪಾರ್ಸಿಮೋನಿಯಸ್, ಇಲ್ಲಿ ಜಾಗ ಐತೆ, ಬರ್ರಿ.”

“ಬಂದೆ,” ಎಂದ ಜಯದೇವಪ್ಪ, ಮೊದಲ ಕೂಗಿಗೇ.