ಎಸರಿಗೆ ಮೊದಲು ಒಂದು ಹಿಡಿ

“ಮನೆಮನೆಯಿಂದ ಹಿಡಿ ಹಿಟ್ಟು ಎತ್ತಿ ಆಫ್ರಿಕಾದ ಮಕ್ಕಳಿಗೆ ಅಂಬಲಿ ಕಾಯಿಸ್ತಾಳಂತೆ. ಆಗೋ ಮಾತೇನೇ ಅದು?” ಎಂದು ಮೊದಲು ನಕ್ಕವನು ನನ್ನ ಸೋದರಮಾವ. ನಾನು ಡಿಗ್ರಿ ಮಾಡುತ್ತೇನೆ ಎಂದಾಗಲೂ ಅವನು ಹೀಗೇ ನಕ್ಕಿದ್ದ. ನಮ್ಮ ಮನೆತನದಲ್ಲಿ ಎಸ್ಸೆಲ್ಸಿ ದಾಟಿದವರೇ ಇರಲಿಲ್ಲ. ಕೊನೆಗೆ ಎರಡೂ ಆದವು. ಡಿಗ್ರಿ ನಾನು ಓದಿದ್ದಕ್ಕೆ ಆಯಿತು. ಅಂಬಲಿ, ನಾನು ಅಡ್ಡ ಬಂದರೂ ಆಯಿತು. ಅದನ್ನು ಮಾಡಿದ ಮಿಲ್ಲಕ್ಕನ ಬಗ್ಗೆ ಬರೆಯದೆ ಇನ್ನು ನನಗೆ ಉಳಿಗಾಲವಿಲ್ಲ.

ಅವರ ಹುಬ್ಬು, ರೆಪ್ಪೆ ಯಾವಾಗಲೂ ಬೆಳ್ಳಗಿರುತ್ತಿದ್ದವು. ಪಂಚನಹಳ್ಳಿ ಕಡೆಯ ನಮ್ಮೂರಿನ ಹಿಟ್ಟಿನ ಮಿಲ್ಲು ಅವರದು. ಚಿಕ್ಕವಳಿದ್ದಾಗ ನಾನು ಅವರನ್ನು ಮುದುಕಿ ಎಂದೇ ತಿಳಿದಿದ್ದೆ. ಒಂದು ಮದುವೆ ಮನೆಯಲ್ಲಿ ಮುಖ ತೊಳೆದು ಹೂ ಮುಡಿದು ಬಂದಾಗ ಕಪ್ಪು ಹುಬ್ಬಿನ ಆ ಹೆಂಗಸು ಯಾರೆಂದು ಗುರುತೇ ಸಿಗಲಿಲ್ಲ. ಮಿಷನ್ ಸದ್ದಿನಲ್ಲೇ ಬದುಕಿದವರು, ಹಾಗಾಗಿ ಅವರು ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಬೆಲ್ಟಿಗೆ ಸಿಕ್ಕಿ ಬಲಗೈ ತೋರುಬೆರಳು ಅರ್ಧ ಹೋಗಿತ್ತು. ಹಿಡಿ ಎತ್ತುವಾಗ ಆ ಸಂದಿಯಲ್ಲಿ ಹಿಟ್ಟು ಸೋರುತ್ತಿತ್ತು. “ನನ್ನ ಹಿಡಿ ಮೋಸದ ಹಿಡಿ ಕಣ್ರೇ” ಎಂದು ನಕ್ಕು ಎರಡು ಸಲ ಎತ್ತಿ ಹಾಕುತ್ತಿದ್ದರು.

ಇದೆಲ್ಲ ಶುರುವಾದದ್ದು ಒಂದು ಫೋಟೋದಿಂದ. ಮಿಲಿಟರಿಯಲ್ಲಿದ್ದ ಅವರ ಮೈದುನ ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋಗಿಬಂದಿದ್ದ. ಅವನು ತಂದ ಫೋಟೋಗಳಲ್ಲಿ ಒಬ್ಬ ಹೆಂಗಸು ಮೂರು ಕಲ್ಲಿನ ಒಲೆ ಮುಂದೆ ಕೂತು, ಪಾತ್ರೆಯನ್ನು ಕಾಲಲ್ಲಿ ಅದುಮಿಕೊಂಡು, ಕೋಲಿನಿಂದ ಏನನ್ನೋ ತಿರುವುತ್ತಿದ್ದಳು. “ರಾಗಿ ಹಿಟ್ಟೇ ಅತ್ತಿಗೆ. ಅಲ್ಲೂ ಮುದ್ದೆ ಮಾಡ್ತಾರೆ” ಅಂದನಂತೆ. ಅಕ್ಕ ಆ ಫೋಟೋವನ್ನು ಮಿಲ್ಲಿನ ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸಿದರು. “ಕೋಲು ಹಿಡಿದಿರೋ ಕೈ ನೋಡ್ರೇ. ನಮ್ಮ ಅಜ್ಜಂಪುರದ ದೊಡ್ಡಮ್ಮನೂ ಹಿಂಗೇ ಹಿಡಿಯೋಳು. ಇವಳು ಯಾವ ಸೀಮೆ ದೂರದೋಳು?” ಅಜ್ಜಂಪುರ ಅವರ ತವರು.

ಆ ಹೆಂಗಸಿನ ಊರಲ್ಲಿ ಒಂದು ಸಣ್ಣ ಶಾಲೆ ಇತ್ತು. ಮಕ್ಕಳು ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬರುತ್ತಿದ್ದವು. ಬೆಂಗಳೂರಿನ ಒಂದು ಸಂಸ್ಥೆ ಅಲ್ಲಿಗೆ ನೆರವು ಕಳಿಸುತ್ತದೆ ಎಂದು ಮೈದುನ ಪತ್ತೆ ಮಾಡಿಕೊಟ್ಟ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳಿಗೆ ಮೂರನೇ ತರಗತಿ ಮುಗಿಯುವ ತನಕ ಬೆಳಗಿನ ಅಂಬಲಿ ನಮ್ಮೂರಿನದು ಎಂದು ಅಕ್ಕ ಮಾತು ಕೊಟ್ಟರು. ಮೂರು ವರ್ಷದ ಮಾತು.

ದಾರಿ ಸುಲಭದ್ದು. ಮುದ್ದೆಗೆ ಎಸರು ಕುದಿಯುವಾಗ, ಹಿಟ್ಟು ಹಾಕುವ ಮೊದಲು, ಒಂದು ಹಿಡಿ ಬೇರೆ ಡಬ್ಬಕ್ಕೆ. ಅಮಾವಾಸ್ಯೆ ದಿನ ಮಿಲ್ಲಿಗೆ ರಜ. ಕಲ್ಲಿಗೆ ಪೂಜೆ ಮಾಡಿ ಅಕ್ಕ ಬಾಗಿಲಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಹೆಂಗಸರು ಡಬ್ಬ ತಂದು ಸುರಿಯುತ್ತಿದ್ದರು. ಅದನ್ನು ಜರಡಿ ಹಿಡಿದು ಕಡೂರಿನ ಒಂದು ಮೆಸ್ಸಿಗೆ ಮಾರಿ, ಬಂದದ್ದನ್ನು ಸಂಸ್ಥೆಗೆ ಕಳಿಸುವುದು. “ಇಷ್ಟು ಮನೆ ಹಿಟ್ಟು ಕೂಡಿದ್ರೆ ಮುದ್ದೆ ಗಂಟಾಗಲ್ಲ ಅಂತಾನೆ ಮೆಸ್ಸಿನೋನು” ಎಂದು ಹೆಮ್ಮೆಯಿಂದ ಹೇಳೋರು.

ನಮ್ಮಪ್ಪ ತೋಟಗಳಲ್ಲಿ ಕಾಯಿ ಸುಲಿಯುವ ಕೂಲಿ. ಊರಲ್ಲಿ ನಮಗೆ ಕೊಡುವವರೇ ಎಲ್ಲ. ಹಳೇ ಲಂಗ, ಹಬ್ಬ ಕಳೆದ ಮೇಲಿನ ಒಬ್ಬಟ್ಟು, ಮಿಕ್ಕ ನೋಟುಬುಕ್ಕು. ನಮ್ಮನ್ನು ಯಾರೂ ಏನೂ ಕೇಳಿದ್ದಿಲ್ಲ. ಮಿಲ್ಲಕ್ಕ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ಅವ್ವನ ಕೈಗೆ ಖಾಲಿ ಡಬ್ಬ ಕೊಟ್ಟರು. “ನಿಮ್ಮನೇದೂ ಒಂದು ಹಿಡಿ ಬೇಕು ಕಣೇ.”

ಮಾವ ಅಲ್ಲೇ ಕೂತಿದ್ದ. “ಇವರ ಮನೇಲೇ ಇಲ್ಲ, ಇವರು ಯಾರಿಗೆ ಕೊಟ್ಟಾರು ತಾಯಿ?”

“ಮುದ್ದೆ ಮಾಡ್ತಾರೋ ಇಲ್ವೋ? ಮಾಡ್ತಾರೆ ಅಂದ್ಮೇಲೆ ಹಿಡಿ ಇದೆ.”

ಅವರು ಹೋದ ಮೇಲೆ ಅವ್ವ ಆ ಡಬ್ಬವನ್ನು ಎರಡು ಸಲ ತೊಳೆದು ಒಲೆ ಮೇಲಿನ ಗೂಡಿನಲ್ಲಿಟ್ಟಳು. ಮುಂದಿನ ಅಮಾವಾಸ್ಯೆಗೆ ತಲೆ ಬಾಚಿ, ಬೇರೆ ಸೀರೆ ಉಟ್ಟು ಮಿಲ್ಲಿಗೆ ಹೋದಳು. ಅವ್ವ ಹಾಗೆ ನಡೆದುಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಷ್ಟೆಲ್ಲ ಕಂಡೂ ನಾನು ಹಾಗೆ ಮಾಡಿದೆ.

ಎರಡು ವರ್ಷ ತುಂಬಿದಾಗ ಮಿಲ್ಲಿನ ಅಂಗಳದಲ್ಲಿ ಒಂದು ಸಣ್ಣ ಸಭೆ. ಅದೇ ತಿಂಗಳು ನನ್ನ ಬಿ.ಎ. ರಿಸಲ್ಟ್ ಬಂದಿತ್ತು. ಆ ಶಾಲೆಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತ್ತು. “ನಮ್ಮ ಓದಿದ ಹುಡುಗಿ ಓದ್ತಾಳೆ” ಎಂದು ಅಕ್ಕ ಮೈಕು ನನ್ನ ಕೈಗೆ ಕೊಟ್ಟರು. ಕಾಗದದಲ್ಲಿ, ಅಂಬಲಿಗೆ ಮೊದಲು ಮಕ್ಕಳು ಲೋಟವನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಸಾಲು ನಿಲ್ಲುತ್ತವೆ ಎಂದಿತ್ತು. ಓದಿದೆ. ಎಲ್ಲ ನಕ್ಕರು. ಅಷ್ಟಕ್ಕೆ ಕೂರಬೇಕಿತ್ತು. ಮೊದಲ ಸಲ ನನ್ನ ದನಿ ಮೈಕಿನಲ್ಲಿ ಕೇಳಿದ ಅಮಲಿನಲ್ಲಿ ಕೂರಲಿಲ್ಲ.

“ನಮ್ಮ ಅಂಗನವಾಡಿ ಸೂರು ಸೋರುತ್ತಿದೆ. ಕಡೂರಿನ ಕಾಲೇಜಿಗೆ ಹೋಗೋಕೆ ಬಸ್ ಚಾರ್ಜಿಲ್ಲದೆ ನಾನು ಎಷ್ಟು ದಿನ ಮನೇಲಿ ಕೂತಿದ್ದೇನೆ, ಯಾರಾದರೂ ಕೇಳಿದಿರಾ? ಹಸಿದವರು ಇಲ್ಲೇ ಇರುವಾಗ ಕಾಣದ ದೇಶಕ್ಕೆ ಹಿಟ್ಟು ಯಾಕೆ? ಮೊದಲು ಇಲ್ಲಿ, ಆಮೇಲೆ ಅಲ್ಲಿ” ಅಂದೆ. ಇನ್ನೂ ಏನೇನೋ ಅಂದೆ. ಚಪ್ಪಾಳೆ ಬಿತ್ತು. ಹಿಂದೆ ನಿಂತಿದ್ದ ಮಾವ ಎಲ್ಲರಿಗಿಂತ ಜೋರಾಗಿ ತಟ್ಟಿದ. ಮನೆಗೆ ಬಂದು ಗೂಡಿನಿಂದ ಆ ಡಬ್ಬ ಇಳಿಸಿ ಬೆಲ್ಲ ತುಂಬಿಸಿಟ್ಟೆ. ಅವ್ವ ಒಲೆ ಕಡೆ ತಿರುಗಿ ಎಸರಿಗಿಟ್ಟಳು.

ಮುಂದಿನ ಅಮಾವಾಸ್ಯೆಗೆ ಮಿಲ್ಲಿಗೆ ಡಬ್ಬಗಳು ಬರಲಿಲ್ಲ. ಓದಿದವಳು ಹೇಳಿದ್ದಾಳಲ್ಲ.

ಒಂದು ವಾರ ಬಿಟ್ಟು ಮಿಲ್ಲಕ್ಕ ಮನೆಗೆ ಬಂದರು. ಬೈಯುತ್ತಾರೆ ಎಂದು ಉತ್ತರ ಜೋಡಿಸಿಕೊಂಡು ಕೂತಿದ್ದೆ.

“ನೀನಂದದ್ದು ಸುಳ್ಳಲ್ಲ ಮಗಾ. ಅಂಗನವಾಡಿ ಸೂರು ಸೋರೋದು ನಿಜ. ಹೆಂಚು ಬದಲಾಯಿಸ್ಬೇಕು. ಮೊದಲು ಇಲ್ಲಿ ಅಂದ್ಯಲ್ಲ, ಯಾವತ್ತಿಂದ ಹಿಡಿಯಣ?”

“ಎಫ್‌ಡಿಎ ಎಕ್ಸಾಮ್ ಇದೆ ಅಕ್ಕ. ಅದು ಮುಗೀಲಿ.”

“ಆಗ್ಲಿ. ಮುಗಿದ್ಮೇಲೆ ಹೇಳು.”

ಎಕ್ಸಾಮ್ ಮುಗಿಯಿತು. ನಾನು ಹೇಳಲಿಲ್ಲ. ಅಂಗನವಾಡಿ ಹೆಂಚು ನಾನಂತೂ ಒಂದೂ ಮುಟ್ಟಲಿಲ್ಲ. ಆಮೇಲೆ ಗೊತ್ತಾಯಿತು, ಮಳೆ ಹಿಡಿಯುವ ಮೊದಲೇ ಅಕ್ಕ ಮೈದುನನನ್ನು ಏಣಿ ಹತ್ತಿಸಿ ಅದನ್ನೂ ಸರಿ ಮಾಡಿಸಿದ್ದರು.

ಅತ್ತ ಮೂರನೇ ವರ್ಷದ ಅಂಬಲಿ ಬಾಕಿ ಇತ್ತು. ಊರ ಹಿಟ್ಟು ನಿಂತದ್ದಕ್ಕೆ ಅವರು ಅಮಾವಾಸ್ಯೆ ದಿನವೂ ಮಿಲ್ಲು ಓಡಿಸತೊಡಗಿದರು. ಆ ದಿನದ ಕೂಲಿಯೆಲ್ಲ ಶಾಲೆಗೆ. ಅವರ ಅತ್ತೆ ಕಲ್ಲಿನ ಮುಂದೆ ಅಡ್ಡ ಕೂತರಂತೆ. “ಅಮಾವಾಸ್ಯೆ ದಿನ ಕಲ್ಲು ತಿರುಗಿಸ್ತೀಯಲ್ಲೇ, ಮನೆಗೆ ಒಳ್ಳೇದಾಗುತ್ತೇನೇ?”

“ಆ ಮಕ್ಳಿಗೆ ಅಮಾವಾಸ್ಯೆ ಹಸಿವು ಬೇರೆ ಇರುತ್ತಾ ಅತ್ತೆ? ಪಾಪ ಬಂದ್ರೆ ನಂಗೆ ಬರ್ಲಿ. ಸ್ವಲ್ಪ ಆ ಕಡೆ ಸರೀರಿ.”

ಗೋಡೆ, ತೊಲೆ ಮೇಲೆ ಕೂತ ಹಿಟ್ಟನ್ನು ದಿನಾ ಗುಡಿಸಿ ದನದ ತಿಂಡಿಗೆ ಮಾರಿದರು. ಮೂಗಿಗೆ ಟವಲ್ ಕಟ್ಟಿಕೊಂಡು ಗುಡಿಸುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ನಾನೇ ನೋಡಿದ್ದೇನೆ. ಇಳಿದು ಪೊರಕೆ ಹಿಡಿಯಬಹುದಿತ್ತು.

ನನಗೆ ತರೀಕೆರೆಯಲ್ಲಿ ಕೆಲಸವಾಯಿತು. ಸ್ವೀಟು ಹಿಡಿದು ಮಿಲ್ಲಿಗೆ ಹೋದಾಗ ಅಕ್ಕ ಮಿಷನ್ ಆಫ್ ಮಾಡಿ, ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಸವರಿದರು. “ನಮ್ಮೂರಿಗೆ ಒಬ್ಬಳು ಆಫೀಸಿನೋಳು ಆದ್ಲು” ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಿದರು. ನಡುವೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಕ್ಷಮೆ ಕೇಳಬೇಕು ಎಂದುಕೊಂಡೇ ಹೋಗಿದ್ದೆ. ಜನ ಇದ್ದಾರೆ, ಇನ್ನೊಂದು ದಿನ ಎಂದುಕೊಂಡು ಬಂದೆ.

ಆ ಇನ್ನೊಂದು ದಿನ ಬರಲಿಲ್ಲ. ಹಿಟ್ಟಿನ ಧೂಳು ಎದೆಗೆ ಕೂತಿದೆ ಎಂದರು ಡಾಕ್ಟರು. ಇಪ್ಪತ್ತು ವರ್ಷದ ಧೂಳು, ಅದೊಂದು ವರ್ಷದ್ದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಮ್ಮೊಮ್ಮೆ ನಂಬುತ್ತೇನೆ.

ಅವರು ತೀರಿಕೊಂಡ ಮೂರು ತಿಂಗಳಿಗೆ ಅವರ ಅತ್ತೆ ಹೇಳಿ ಕಳಿಸಿದರು. ಬೆಂಗಳೂರಿನಿಂದ ಇಂಗ್ಲಿಷ್ ಕಾಗದ ಬಂದಿದೆ, ಓದಿ ಹೇಳಬೇಕಂತೆ. ಭಾನುವಾರ ಅವ್ವನ ಜೊತೆ ಹೋದೆ. ದೊಡ್ಡ ಲಕೋಟೆಯಲ್ಲಿ ಎರಡು ಸರ್ಟಿಫಿಕೇಟುಗಳಿದ್ದವು. ಮೂರು ವರ್ಷದ ಅಂಬಲಿ ಪೂರ್ತಿಯಾಯಿತು, ಮೂರನೇ ವರ್ಷವೂ ಕೈಬಿಡದೆ ನಡೆಸಿಕೊಟ್ಟ ಎರಡು ಮನೆಗಳಿಗೆ ವಂದನೆ ಎಂದು ಬರೆದಿತ್ತು. ಒಂದರಲ್ಲಿ ಅಕ್ಕನ ಹೆಸರು. ಇನ್ನೊಂದರಲ್ಲಿ ನನ್ನ ಹೆಸರು, ಪಕ್ಕದಲ್ಲಿ ಬಿ.ಎ. ಎಂದು.

“ಇದು ತಪ್ಪಾಗಿದೆ ಅಜ್ಜಿ” ಅಂದೆ.

“ತಪ್ಪೆಲ್ಲಿ ಬಂತು? ಅವಳೇ ಹೇಳಿ ಬರೆಸಿದ್ದು. ಆಸ್ಪತ್ರೆ ಮಂಚದ ಮೇಲೆ ಕೂತು ಫೋನಲ್ಲಿ ಕೂಗ್ತಿದ್ಲು, ಮುಂದೆ ಬಿ.ಎ. ಅಂತ್ಲೂ ಹಾಕಿ, ಮರೀಬೇಡಿ ಅಂತ. ವಾರ್ಡಿಗೆಲ್ಲ ಕೇಳಿಸ್ತು.” ಅಜ್ಜಿ ಸೆರಗಿನಿಂದ ಅದರ ಮೇಲಿನ ಹಿಟ್ಟು ಒರೆಸಿ ನನ್ನ ಕೈಗಿಟ್ಟರು.

“ನಾನು ಒಂದು ಹಿಡೀನೂ ಕೊಡಲಿಲ್ಲ ಅಜ್ಜಿ. ಡಬ್ಬಕ್ಕೆ ಬೆಲ್ಲ ತುಂಬಿದವಳು ನಾನು.”

ಅವ್ವ ಬಾಗಿಲ ಹತ್ತಿರ ನೆಲ ನೋಡುತ್ತ ಕೂತಿದ್ದಳು.

“ನಿನ್ನ ಇಸ್ಕೂಲಿನ ಟಿಫಿನ್ ಡಬ್ಬಿ ಇತ್ತಲ್ಲ, ಅದರಲ್ಲಿ ಎತ್ತಿಟ್ಟು ಮಿಲ್ಲಕ್ಕಂಗೆ ಕೊಟ್ಟು ಬರ್ತಿದ್ದೆ. ನಿನ್ನ ಮುದ್ದೆಗೆ ಹಾಕೋ ಹಿಟ್ಟಿಂದ್ಲೇ ತೆಗೀತಿದ್ದೆ ಕಣೇ, ವರ್ಷವೆಲ್ಲ. ಒಂದಿನನಾದ್ರೂ ಹೊಟ್ಟೆ ತುಂಬಲಿಲ್ಲ ಅಂದ್ಯಾ?”